ಹಪ್ಪಳ ಕಾಯುವ ಆಟ

ನಮ್ಮೂರಿನಲ್ಲಿ ಏನನ್ನಾದರೂ ಗೆದ್ದವರು ಮರುದಿನ ಬೆಳಗಿನ ಬಸ್ಸಿಗೆ ಊರು ಬಿಡುತ್ತಾರೆ. ಮತ್ತೆ ಬರುವುದಿಲ್ಲ. ಯಾರೂ ಅವರನ್ನು ಓಡಿಸುವುದಿಲ್ಲ. ದಾರಿಗೆಂದು ಚಿತ್ರಾನ್ನ ಕಟ್ಟಿಕೊಡುತ್ತಾರೆ, ಟ್ರಂಕನ್ನು ಬಸ್ ಸ್ಟ್ಯಾಂಡಿಗೆ ಹೊತ್ತು ತರುತ್ತಾರೆ, ಬಸ್ಸು ತಿರುವು ದಾಟುವವರೆಗೂ ನಿಂತು ಕೈ ಬೀಸುತ್ತಾರೆ. ಹೋದವರೂ ಕಾಗದ ಬರೆಯುತ್ತಾರೆ, ಚೆನ್ನಾಗಿಯೇ ಇರುತ್ತಾರೆ. ಆದರೂ ಇದ್ದ ಊರು ಬಿಡುವುದು ಯಾರಿಗೆ ಬೇಕು? ಹೀಗಾಗಿ ನಮ್ಮಲ್ಲಿ ಸಾಮಾನ್ಯವಾಗಿ ಯಾರೂ ಗೆಲ್ಲುವುದಿಲ್ಲ.

ಇದರಿಂದ ಊರಿಗೇನೂ ತೊಂದರೆಯಾಗಿರಲಿಲ್ಲ. ಶಾಲೆಯ ಓಟದ ಪಂದ್ಯದಲ್ಲಿ ಮುಂದೆ ಬಂದವರು ರಿಬ್ಬನ್ನಿನ ಹತ್ತಿರ ನಿಂತು, ಹಿಂದಿನವರು ಬಂದು ಸೇರಿದ ಮೇಲೆ ಕೈ ಕೈ ಹಿಡಿದು ಒಟ್ಟಿಗೆ ದಾಟುತ್ತಿದ್ದರು. ಸಂಗೀತ ಸ್ಪರ್ಧೆಯಲ್ಲಿ ಎಲ್ಲರಿಗೂ ಸಮಾಧಾನಕರ ಬಹುಮಾನ. ವ್ಯಾಜ್ಯಗಳೆಲ್ಲ ರಾಜಿಯಲ್ಲಿ ಮುಗಿಯುತ್ತಿದ್ದವು. ಪುರಸಭೆಯ ಅಧ್ಯಕ್ಷ ಪಂಚಾಕ್ಷರಯ್ಯನವರು ನನಗೆ ಬುದ್ಧಿ ತಿಳಿದಾಗಿನಿಂದ ಅಧ್ಯಕ್ಷರೇ. ಅವರ ಎದುರು ಯಾರೂ ನಿಲ್ಲುತ್ತಿರಲಿಲ್ಲ. ನಿಂತರೆ ಇಬ್ಬರಲ್ಲಿ ಒಬ್ಬರು ಗೆಲ್ಲಬೇಕಾಗುತ್ತಿತ್ತಲ್ಲ. ಅವಿರೋಧ ಆಯ್ಕೆ ಗೆಲುವಲ್ಲ ಎಂದು ಅವರೇ ತೀರ್ಮಾನ ಮಾಡಿಟ್ಟಿದ್ದರು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನನ್ನ ತರಗತಿಯ ಜಾಣೆಯರು ಕೊನೆಯ ಲೆಕ್ಕವನ್ನು ಸರಿಯಾಗಿ ಬಿಡಿಸಿ, ಉತ್ತರದ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು, ಆಮೇಲೆ ಇಡೀ ಲೆಕ್ಕಕ್ಕೆ ಅಡ್ಡಗೀಟು ಹಾಕುತ್ತಿದ್ದರು. ಪಾಸಾಗುವುದಕ್ಕೆ ಅಡ್ಡಿಯಿರಲಿಲ್ಲ, ರ‍್ಯಾಂಕು ಬರಬಾರದು ಅಷ್ಟೇ.

ಇಂಥ ಊರಿನಲ್ಲಿ ನನ್ನ ಅತ್ತಿಗೆ ಕಂಪ್ಯೂಟರ್ ಆಟಗಳ ಪ್ರಕಾಶನ ತೆರೆದರು.

ನಮ್ಮಣ್ಣ ಶ್ರೀಪಾದನಿಗೆ ಪೇಟೆ ಬೀದಿಯಲ್ಲಿ ರೇಡಿಯೋ ಅಂಗಡಿಯಿತ್ತು. ಹಿಂದೆ ಕುಳಿತು ಅವನು ರೇಡಿಯೋ, ಟೇಪ್ ರೆಕಾರ್ಡರ್, ಟಿವಿ ರಿಪೇರಿ ಮಾಡುತ್ತಿದ್ದ. ಮುಂದೆ ಅತ್ತಿಗೆ ಅಂಬುಜಾಕ್ಷಿ ಕ್ಯಾಸೆಟ್ ಮಾರುತ್ತಿದ್ದರು. ಕೇಳಿದ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ವ್ಯವಸ್ಥೆಯೂ ಇತ್ತು. ಒಂದು ಸಲ ದನದ ಡಾಕ್ಟರು ಜಯತೀರ್ಥರು ಒಂದು ಪುಟ್ಟ ಯಂತ್ರವನ್ನು ರಿಪೇರಿಗೆ ತಂದರು. ನೋಡಲು ಟೈಪ್‌ರೈಟರಿನ ಕೀಲಿಗಳನ್ನಷ್ಟೇ ಕಿತ್ತಿಟ್ಟ ಹಾಗಿತ್ತು. ಟಿವಿಗೆ ಸಿಕ್ಕಿಸಿದರೆ ಕಂಪ್ಯೂಟರ್ ಆಗುತ್ತದೆ ಎಂದರು. ಅಣ್ಣ ಅದನ್ನು ಬಿಚ್ಚಿ ಸರಿಮಾಡುವಷ್ಟರಲ್ಲಿ ಡಾಕ್ಟರು ಯಾವುದೋ ಪತ್ರಿಕೆಯ ಪದಬಂಧದಲ್ಲಿ ಮೊದಲ ಬಹುಮಾನ ಗೆದ್ದುಬಿಟ್ಟರು. ತಮಾಷೆಗೆ ತುಂಬಿ ಕಳಿಸಿದ್ದರಂತೆ. ಮರುದಿನ ಬೆಳಗ್ಗೆ ಹೊರಟರು. ಯಂತ್ರ ಇಲ್ಲೇ ಉಳಿಯಿತಲ್ಲ, ಏನು ಮಾಡಲಿ ಎಂದು ಅಣ್ಣ ಕಾಗದ ಬರೆದರೆ, "ಇಲ್ಲಿ ಇನ್ನೂ ದೊಡ್ಡದು ಸಿಗುತ್ತೆ, ಅದನ್ನ ನೀವೇ ಇಟ್ಕೊಳ್ಳಿ" ಎಂದು ಉತ್ತರ ಬಂತು.

ಆ ಬೇಸಿಗೆ ರಜೆಯಲ್ಲಿ ನಾನು ಅದರ ಜೊತೆಗೆ ಬಂದಿದ್ದ ಪುಸ್ತಕ ಓದಿ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಅಮ್ಮ ಮಹಡಿಯ ಮೇಲೆ ಹಪ್ಪಳ ಹರವಿ, "ವಾರಿಜಾ, ಸ್ವಲ್ಪ ಬಂದು ಕಾಗೆ ನೋಡ್ಕೊಳ್ಳೇ" ಎಂದು ಕೂಗುತ್ತಿದ್ದಳು. ನಾನು ಹೋಗದೆ ಒಳಗೇ ಕುಳಿತು ಬರೆದ ಮೊದಲ ಆಟ ಅದೇ. ಟಿವಿಯ ಕೆಳಭಾಗದಲ್ಲಿ ಸಾಲಾಗಿ ಹಪ್ಪಳ, ಮೇಲಿನಿಂದ ಇಳಿಯುವ ಕಾಗೆಗಳು, ಮಧ್ಯೆ ಕೋಲು ಹಿಡಿದ ಒಂದು ಗೊಂಬೆ. ಎರಡು ಕೀಲಿಗಳಿಂದ ಗೊಂಬೆಯನ್ನು ಆಚೆ ಈಚೆ ಓಡಿಸಬೇಕು. ಹೊತ್ತು ಏರಿದ ಹಾಗೆ ಕಾಗೆಗಳು ಹೆಚ್ಚುತ್ತಿದ್ದವು. ಕೊನೆಯ ಹಪ್ಪಳವೂ ಹೋದಮೇಲೆ ತೆರೆಯ ಮೇಲೆ "ಸೋತಿರಿ" ಎಂದು ಬರುತ್ತಿತ್ತು. ಆ ಯಂತ್ರಕ್ಕೆ ಕನ್ನಡ ಗೊತ್ತಿರಲಿಲ್ಲ. ಆ ಮೂರು ಅಕ್ಷರಗಳನ್ನು ಚೌಕುಳಿ ಹಾಳೆಯಲ್ಲಿ ರಂಗೋಲಿಯ ಹಾಗೆ ಚುಕ್ಕಿಯಿಟ್ಟು ಬಿಡಿಸಿ, ಒಂದೊಂದೇ ಚುಕ್ಕಿಯನ್ನು ಒಳಗೆ ಸೇರಿಸಿದ್ದೆ.

"ನಿಜವಾದ ಕಾಗೆ ಓಡ್ಸು ಅಂದ್ರೆ ಬರಲ್ಲ, ಟಿವಿ ಒಳಗಿನ ಕಾಗೆ ಓಡಿಸ್ತಾ ಕೂತಿದಾಳೆ ಮಹಾರಾಯ್ತಿ" ಎಂದು ಅಮ್ಮ ಅತ್ತಿಗೆಯ ಹತ್ತಿರ ದೂರಿದಳು. ಅತ್ತಿಗೆ ಬಂದು ನನ್ನ ಬೆನ್ನ ಹಿಂದೆ ನಿಂತು ನೋಡಿದರು.

"ಇದ್ರಲ್ಲಿ ಗೆಲ್ಲೋದು ಹೇಗೆ?"

"ಗೆಲ್ಲೋಕಾಗಲ್ಲ ಅತ್ತಿಗೆ. ಎಷ್ಟು ಹೊತ್ತು ಸೋಲದೆ ಇರ್ತೀವೋ ಅಷ್ಟೇ."

"ಎಷ್ಟು ಚೆನ್ನಾಗಿ ಆಡಿದ್ರೂ?"

"ಎಷ್ಟು ಚೆನ್ನಾಗಿ ಆಡಿದ್ರೂ."

ಅತ್ತಿಗೆ ಟಿವಿಯ ಕಡೆ ಇನ್ನಷ್ಟು ಬಗ್ಗಿದರು. "ಹಾಗಾದ್ರೆ ಇದನ್ನ ಮಾರಬಹುದು ಕಣೇ" ಎಂದರು.

ಅವರ ಲೆಕ್ಕಾಚಾರ ಸರಿಯಿತ್ತು. ನಮ್ಮೂರಿನವರು ಚದುರಂಗ ಆಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಕೇರಂ ಬೋರ್ಡಿನ ಮುಂದೆ ಕುಳಿತವರು ಕೊನೆಯ ಕಾಯಿಯನ್ನು ಇಬ್ಬರೂ ಬೇಕೆಂದೇ ತಪ್ಪಿಸುತ್ತ, ಬೋರ್ಡನ್ನು ಹಾಗೇ ಗೋಡೆಗೆ ಒರಗಿಸಿಟ್ಟು ಏಳುತ್ತಿದ್ದರು. ಅಂಥವರಿಗೆ ಹೆದರಿಕೆಯಿಲ್ಲದೆ ಮೈಮರೆತು ಆಡಬಹುದಾದ ಆಟವೊಂದು ಸಿಕ್ಕಂತಾಯಿತು. ಕ್ಯಾಸೆಟ್ಟಿನ ಮೇಲೆ ಅತ್ತಿಗೆ ತಾವೇ ಯೋಚಿಸಿ ಬರೆಸಿದ ಮಾತು ಹೀಗಿತ್ತು: "ಖಚಿತ ಸೋಲು. ನಿಶ್ಚಿಂತೆಯಿಂದ ಆಡಿ." ಕೆಳಗೆ, ಅಂಬುಜ ಪ್ರಕಾಶನ. ಪ್ರಕಾಶನ ಏಕೆ, ಕಂಪನಿ ಎನ್ನಬಹುದಲ್ಲ ಎಂದು ಅಣ್ಣ ಕೇಳಿದ. "ಕಂಪನಿ ಅಂದ್ರೆ ಲಾಭ ಮಾಡ್ತಾರೆ ಅಂದ್ಕೋತಾರೆ. ಪ್ರಕಾಶನ ಅಂದ್ರೆ ಯಾರೂ ಅನುಮಾನ ಪಡಲ್ಲ" ಎಂದರು ಅತ್ತಿಗೆ.

ಕ್ಯಾಸೆಟ್ಟುಗಳನ್ನು ಅಣ್ಣನೇ ಹಾಡು ತುಂಬುವ ಯಂತ್ರದಲ್ಲಿ ತುಂಬುತ್ತಿದ್ದ. ಕಂಪ್ಯೂಟರಿನ ಪ್ರೋಗ್ರಾಂ ಕ್ಯಾಸೆಟ್ಟಿನಲ್ಲಿ ಬರಿಯ ಕಿರುಚಾಟದ ಹಾಗೆ ಕೇಳುತ್ತದೆ. ಅದನ್ನು ಯಂತ್ರಕ್ಕೆ ಕೇಳಿಸಿದರೆ ಟಿವಿಯ ಮೇಲೆ ಬಣ್ಣದ ಪಟ್ಟಿಗಳು ಓಡಾಡಿ, ಅನ್ನ ಬೇಯುವಷ್ಟು ಹೊತ್ತಾದ ಮೇಲೆ ಆಟ ಮೂಡುತ್ತಿತ್ತು. ಶಬ್ದ ಸ್ವಲ್ಪ ಹೆಚ್ಚಾದರೂ ಕಡಿಮೆಯಾದರೂ ಮತ್ತೆ ಮೊದಲಿನಿಂದ. ಅಣ್ಣ ಒಳ್ಳೆಯ ಮೆಕ್ಯಾನಿಕ್, ಆದರೆ ಕೆಲಸ ಮಾಡುವಾಗ ಅವನ ಕಿವಿ ರೇಡಿಯೋದ ಕ್ರಿಕೆಟ್ ಕಾಮೆಂಟರಿಯಲ್ಲಿರುತ್ತಿತ್ತು. ಡ್ರಾ ಆಗುವ ಲಕ್ಷಣವಿದ್ದರಂತೂ ಇನ್ನೂ ತನ್ಮಯನಾಗುತ್ತಿದ್ದ. ಪೋಸ್ಟ್ ಮಾಸ್ಟರ್ ಹೆಂಡತಿಗೆ ದೇವರನಾಮದ ಕ್ಯಾಸೆಟ್ ಬದಲು ಹಪ್ಪಳದ ಕ್ಯಾಸೆಟ್ ಹೋಗಿ, ಅವರು ಒಂದು ವಾರ ಬೆಳಗಿನ ಪೂಜೆಗೆ ಆ ಕಿರುಚಾಟವನ್ನೇ ಕೇಳಿ, "ಮೊದಮೊದಲು ಕಷ್ಟ ಆಯ್ತು, ಈಗ ಮನಸ್ಸು ನಿಲ್ಲುತ್ತೆ" ಎಂದು ಇನ್ನೊಂದು ಕೊಂಡುಹೋದರು.

ಟಿವಿ ಮಾರುವವರು ಆ ಪುಟ್ಟ ಯಂತ್ರವನ್ನೂ ತರಿಸತೊಡಗಿದರು. ನಾನು ಎರಡನೆಯ ಆಟ ಬರೆದೆ, ನಲ್ಲಿ ನಿಲ್ಲುವುದರೊಳಗೆ ಕೊಡಗಳನ್ನು ತುಂಬುವುದು. ನಲ್ಲಿ ನಿಂತೇ ನಿಲ್ಲುತ್ತಿತ್ತು. ಮೂರನೆಯದು ಸೀಮೆಎಣ್ಣೆಯ ಕ್ಯೂ. ಅದರಲ್ಲಿ ನಮ್ಮ ಸರದಿ ಬರುವ ಮುನ್ನ ಎಣ್ಣೆ ಮುಗಿಯುತ್ತಿತ್ತು. ಇದರಲ್ಲಿ ಹೊಸದೇನಿದೆ ಎಂದು ಯಾರೂ ಕೇಳಲಿಲ್ಲ. ಸಂಜೆ ಬೀದಿಯಲ್ಲಿ ನಡೆದರೆ ಮನೆಮನೆಯಿಂದಲೂ "ಅಯ್ಯೋ, ಹೋಯ್ತು!" ಎಂಬ ಸಂತೋಷದ ಕೂಗು ಕೇಳುತ್ತಿತ್ತು. ಪಂಚಾಕ್ಷರಯ್ಯನವರು ನಮ್ಮ ಅಂಗಡಿಗೆ ಬಂದು, ಪ್ರಕಾಶನವು ಊರಿನ ಸಂಸ್ಕೃತಿಯನ್ನು ಕಾಪಾಡುತ್ತಿದೆ ಎಂದು ಅತ್ತಿಗೆಗೆ ಶಾಲು ಹೊದಿಸಿದರು. ಇದು ಸನ್ಮಾನವೇ ಹೊರತು ಬಹುಮಾನವಲ್ಲ ಎಂದು ಭಾಷಣದಲ್ಲಿ ಎರಡೆರಡು ಸಲ ಹೇಳಿದರು.

ತೊಂದರೆ ಬಂದದ್ದು ಹೊರಗಿನಿಂದ. ನಗರದಲ್ಲಿ ಕ್ಯಾಸೆಟ್ ಸಗಟು ವ್ಯಾಪಾರ ಮಾಡುತ್ತಿದ್ದ ಮೆನೇಜಸ್ ಎಂಬವರು ನಮ್ಮ ಆಟಗಳನ್ನು ಅಲ್ಲಿ ಹಂಚುತ್ತಿದ್ದರು. ಒಂದು ದಿನ ಅವರೇ ಬಂದರು. ಸಜ್ಜನರು, ಕಾಫಿ ಕುಡಿದು ಬಹಳ ಹೊತ್ತು ಹವಾಮಾನದ ಮಾತಾಡಿದ ಮೇಲೆ ವಿಷಯಕ್ಕೆ ಬಂದರು.

"ಮೇಡಂ, ನಿಮ್ಮ ಆಟ ಜನಕ್ಕೆ ಇಷ್ಟವೇ. ಆದ್ರೆ ಸೋತು ಸೋತು ಸಿಟ್ಟಾಗ್ತಾರೆ. ಕ್ಯಾಸೆಟ್ ಹಾಳಾಗಿದೆ ಅಂತ ವಾಪಸ್ ತರ್ತಾರೆ. ಕೊನೆಗೆ ಒಂದ್ಸಲ ಗೆಲ್ಲೋ ಹಾಗೆ ಮಾಡಿ."

"ಗೆದ್ದು ಏನ್ ಮಾಡ್ತಾರೆ?" ಎಂದು ಅತ್ತಿಗೆ ನಿಜವಾದ ಕುತೂಹಲದಿಂದ ಕೇಳಿದರು.

"ಏನೂ ಮಾಡಲ್ಲ. ಖುಷಿ ಪಡ್ತಾರೆ."

ಅತ್ತಿಗೆಗೆ ನಂಬಿಕೆ ಬರಲಿಲ್ಲ. ಆದರೂ ಎರಡು ಬಗೆ ಮಾಡುವುದೆಂದು ನಿರ್ಧಾರವಾಯಿತು. ಕೆಂಪು ಚೀಟಿಯದು ನಗರಕ್ಕೆ, ನೀಲಿ ಚೀಟಿಯದು ಊರಿಗೆ. ನಾನು ಕೆಂಪು ಆಟಕ್ಕೆ ಸಂಜೆಯನ್ನು ಸೇರಿಸಿದೆ. ಕಷ್ಟಪಟ್ಟು ಒಂದು ಹಪ್ಪಳವನ್ನಾದರೂ ಕೊನೆಯವರೆಗೆ ಉಳಿಸಿಕೊಂಡರೆ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಕಾಗೆಗಳು ಗೂಡಿಗೆ ಹೋಗಿ, "ಗೆದ್ದಿರಿ" ಎಂದು ಬರುತ್ತಿತ್ತು. ಆದರೆ ಹೊಸ ಅಕ್ಷರಗಳಿಗೆ ಯಂತ್ರದ ನೆನಪಿನಲ್ಲಿ ಜಾಗವೇ ಉಳಿದಿರಲಿಲ್ಲ. ಎಲ್ಲೆಲ್ಲಿ ಕತ್ತರಿಸಿದರೂ ಸಾಲದೆ, ಕೊನೆಗೆ ಒಂದು ಕಾಗೆಯನ್ನು ತೆಗೆದೆ. ಗೆಲ್ಲಲು ಸಾಧ್ಯವಾದದ್ದು ಅದರಿಂದಲೇ ಎಂದು ನನಗೆ ಆಮೇಲೆ ಹೊಳೆಯಿತು.

ಅಮ್ಮನಿಗೆ ಆಗ ಅರವತ್ತೈದು ದಾಟಿತ್ತು. ಮಂಡಿ ನೋವಿನಿಂದ ಮಹಡಿ ಹತ್ತುವುದನ್ನು ಬಿಟ್ಟಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಹಜಾರದ ಟಿವಿಯ ಮುಂದೆ ಕಾಲು ಚಾಚಿ ಕುಳಿತು, ಯಂತ್ರವನ್ನು ಮೊರದ ಹಾಗೆ ತೊಡೆಯ ಮೇಲಿಟ್ಟುಕೊಂಡು ಹಪ್ಪಳ ಕಾಯುತ್ತಿದ್ದಳು. ನಾವೆಲ್ಲ ಕಾಗೆಯ ಹಿಂದೆ ಓಡುತ್ತಿದ್ದೆವು. ಅಮ್ಮ ಓಡುತ್ತಿರಲಿಲ್ಲ. "ಅದು ಎಲ್ಲಿಂದ ಬರುತ್ತೆ ಅಂತ ನೋಡಬಾರದು ಕಣೇ. ಯಾವ ಹಪ್ಪಳದ ಮೇಲೆ ಕಣ್ಣಿದೆ ಅಂತ ನೋಡಿ, ಮೊದಲೇ ಅಲ್ಲಿ ಹೋಗಿ ನಿಂತಿರಬೇಕು" ಎನ್ನುತ್ತಿದ್ದಳು. ಹಳೆಯ ಕ್ಯಾಸೆಟ್ ಆಡಿ ಆಡಿ ಸವೆದು ಹೋಗಿದ್ದರಿಂದ ಅಣ್ಣ ಅಂಗಡಿಯಿಂದ ಹೊಸದೊಂದನ್ನು ತಂದುಕೊಟ್ಟ. ಮೇಲೆ ನೀಲಿ ಚೀಟಿಯೇ ಇತ್ತು. ಅದನ್ನು ಅಂಟಿಸಿದ ದಿನ ಪಂದ್ಯ ಡ್ರಾ ಆಗುವುದರಲ್ಲಿತ್ತಂತೆ.

ಒಂದು ಶನಿವಾರ ನಾನು ಬೆಳಗಿನ ಶಾಲೆ ಮುಗಿಸಿ, ಮೀಟಿಂಗೂ ಮುಗಿಸಿ ಮನೆಗೆ ಬಂದಾಗ ಹಜಾರವೆಲ್ಲ ಕಿತ್ತಳೆ ಬಣ್ಣವಾಗಿತ್ತು. ಅಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಎದುರು ಮನೆಯ ಸರಸಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

"ವಾರಿಜಾ, ಏನೋ ಬರೆದಿದೆ ಓದೇ. ಕನ್ನಡಕ ಎಲ್ಲೋ ಇಟ್ಟಿದೀನಿ" ಎಂದಳು ಅಮ್ಮ. ಕನ್ನಡಕ ಅವಳ ಮೂಗಿನ ಮೇಲೇ ಇತ್ತು.

ನಾನು ಓದಲಿಲ್ಲ. ನನ್ನ ಹಿಂದೆಯೇ ಬಂದ ಅತ್ತಿಗೆ ಒಂದು ಗಳಿಗೆ ತೆರೆಯನ್ನು ನೋಡಿ, ಸ್ವಿಚ್ಚಿನ ಕಡೆ ಧಾವಿಸಿದರು.

"ಮುಟ್ಟಬೇಡ ಅಂಬುಜ" ಎಂದಳು ಅಮ್ಮ. "ಸರಸ ನೋಡಿದಾಳೆ. ನಾನೇ ಕರೆದು ತೋರಿಸ್ದೆ."

ಸುದ್ದಿ ಬೀದಿಗೆ ಹೋಯಿತು. ಅಣ್ಣ ಅಂಗಡಿಯ ಬಾಗಿಲು ಹಾಕದೆಯೇ ಓಡಿ ಬಂದು, ಕ್ಯಾಸೆಟ್ ತೆಗೆದು ತಿರುಗಿಸಿ ತಿರುಗಿಸಿ ನೋಡಿ, ಗೋಡೆಗೆ ಒರಗಿ ಕುಳಿತ. ಸಂಜೆಯ ಹೊತ್ತಿಗೆ ಪಂಚಾಕ್ಷರಯ್ಯನವರು ನಾಲ್ಕು ಜನ ಹಿರಿಯರೊಡನೆ ನಮ್ಮ ಜಗಲಿಯ ಮೇಲೆ ಕುಳಿತಿದ್ದರು. ಅವರ ಮುಖದಲ್ಲಿ ನಿಜವಾದ ಕಳವಳವಿತ್ತು. ಅಮ್ಮ ಅವರ ಹೆಂಡತಿಯ ಬಾಣಂತನಕ್ಕೆ ಹೋಗಿದ್ದವಳು.

"ಗೋದಾವರಮ್ಮ, ಏನೂ ಗಾಬರಿ ಬೇಡಿ. ಇದು ಗೆಲುವಲ್ಲ" ಎಂದರು. "ಗೆಲುವು ಅಂದ್ರೆ ಎದುರಿಗೆ ಸೋತೋನು ಒಬ್ಬ ಇರಬೇಕು. ಇಲ್ಲಿ ಸೋತದ್ದು ಯಾರು? ಕಾಗೆ. ಅದೂ ಟಿವಿ ಕಾಗೆ. ಮೇಲಾಗಿ ಕ್ಯಾಸೆಟ್ ಮೇಲೇ ಬರೆದಿದೆಯಲ್ಲ, ಖಚಿತ ಸೋಲು ಅಂತ. ಪ್ರಕಾಶಕರ ಮಾತು ಅದು. ಏನಮ್ಮ ಅಂಬುಜಾಕ್ಷಿ?"

"ಹೌದು ಸ್ವಾಮಿ" ಎಂದರು ಅತ್ತಿಗೆ. "ಕ್ಯಾಸೆಟ್ ಅದಲು ಬದಲಾಗಿದೆ. ತಪ್ಪು ನಮ್ಮದು. ಅತ್ತೆ ಗೆದ್ದಿಲ್ಲ."

"ಕ್ಯಾಸೆಟ್ ತಪ್ಪಿರಬಹುದು" ಎಂದಳು ಅಮ್ಮ ಬಾಗಿಲಲ್ಲಿ ನಿಂತು. "ನಾನು ಸರಿಯಾಗೇ ಆಡಿದೀನಿ."

"ಅಮ್ಮಾ, ಸುಮ್ನಿರು" ಎಂದ ಅಣ್ಣ. "ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತೀಯ?"

"ಏಳನೇ ಕ್ಲಾಸಿನಲ್ಲಿ ನಾನು ಎಲ್ಲರಿಗಿಂತ ಮುಂದೆ ಓಡಿದ್ದೆ ಕಣೋ. ಹುಡುಗರಿಗಿಂತಾನೂ. ರಿಬ್ಬನ್ ಮುಂದೆ ಬಂದು ನಿಂತ್ಕೊಂಡೆ. ಎಲ್ಲಾರೂ ಬರ್ಲಿ ಅಂತ ಕಾದೆ. ಬಿಸಿಲು. ಆಮೇಲೆ ಹಾಡಿನಲ್ಲೂ ಕಾದೆ, ರಂಗೋಲಿಯಲ್ಲೂ ಕಾದೆ. ಈ ಮಂಡಿ ನೋವು ಓಡಿದ್ದಕ್ಕೆ ಬಂದದ್ದಲ್ಲ, ನಿಂತದ್ದಕ್ಕೆ ಬಂದದ್ದು."

ಪಂಚಾಕ್ಷರಯ್ಯನವರು ಕೊನೆಗೆ ನನ್ನ ಕಡೆ ತಿರುಗಿದರು. "ಟೀಚರಮ್ಮ, ಆಟ ಬರೆದೋರು ನೀವು. ನೀವು ಹೇಳಿದ್ದೇ ಕೊನೆ. ಇದು ಗೆಲುವಾ, ಯಂತ್ರದ ತಪ್ಪಾ?"

ಅಣ್ಣ, ಅತ್ತಿಗೆ ಇಬ್ಬರೂ ನನ್ನನ್ನೇ ನೋಡಿದರು. ತಪ್ಪು ಎಂದರೆ ಸಾಕಿತ್ತು. ರಾತ್ರಿ ಸಾರು ಮಾಡಿ ಎಂದಿನಂತೆ ಊಟಕ್ಕೆ ಕೂರಬಹುದಿತ್ತು. ಬೆಳಗ್ಗೆ ಕಾಫಿ ಸೋಸುವ ಸದ್ದಿಗೆ ನಾನು ಏಳಬಹುದಿತ್ತು. ಅಮ್ಮ ಮಾತ್ರ ನನ್ನನ್ನು ನೋಡದೆ, ಬಾಗಿಲ ಚೌಕಟ್ಟನ್ನು ಹಿಡಿದು ಬೀದಿಯ ಕಡೆ ನೋಡುತ್ತಿದ್ದಳು. ಅವಳ ಕತ್ತು ನೆಟ್ಟಗಿತ್ತು.

"ಗೆಲುವೇ" ಎಂದೆ. ಒಂದು ಕಾಗೆ ಕಡಿಮೆಯಿತ್ತೆಂದು ಹೇಳಲಿಲ್ಲ.

ಅಣ್ಣ ನನ್ನೊಡನೆ ಬಹಳ ದಿನ ಮಾತು ಬಿಟ್ಟ. ಅಮ್ಮ ಅಂದು ಎರಡು ತುತ್ತು ಹೆಚ್ಚಾಗಿಯೇ ಉಂಡಳು. ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಊರೇ ನೆರೆದಿತ್ತು. ಅಷ್ಟು ವಯಸ್ಸಾದವರು ಗೆದ್ದದ್ದು ಅದೇ ಮೊದಲು. ಅತ್ತಿಗೆ ಅಳುತ್ತ ಚಿತ್ರಾನ್ನದ ಡಬ್ಬಿಯ ಮುಚ್ಚಳವನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಮೆನೇಜಸ್ ಅವರಿಗೆ ಫೋನ್ ಮಾಡಿ, ಇಳಿಯುವಲ್ಲಿ ಬಂದು ನಿಲ್ಲುವಂತೆ ಹೇಳಿದ್ದೂ ಅವರೇ. ಅಮ್ಮ ಕಿಟಕಿಯ ಪಕ್ಕದ ಸೀಟು ಕೇಳಿ ಪಡೆದಳು. "ಉಪ್ಪಿನಕಾಯಿ ಜಾಡಿ ತಿರುಗಿಸ್ತಾ ಇರಿ. ಮೇಲೆ ಎಣ್ಣೆ ನಿಂತಿರಬೇಕು" ಎಂದಳು. ಬಸ್ಸು ಹೊರಟ ಮೇಲೆ ತಿರುಗಿ ನೋಡಿದಳೋ ಇಲ್ಲವೋ, ನನಗೆ ಕಾಣಲಿಲ್ಲ. ಪಂಚಾಕ್ಷರಯ್ಯನವರು ನನ್ನ ಮುಂದೆ ನಿಂತಿದ್ದರು, ಅವರದು ದೊಡ್ಡ ತಲೆ.

ಅತ್ತಿಗೆ ಅಂಗಡಿ ಮುಚ್ಚಿಬಿಡುತ್ತೇನೆಂದರು. ಎರಡು ದಿನ ಮುಚ್ಚಿಯೂ ಇದ್ದರು. ಮೂರನೆಯ ದಿನ ಸರಸಕ್ಕ ಹಿಂಬಾಗಿಲಿಗೆ ಬಂದು ಪಿಸುದನಿಯಲ್ಲಿ, "ಗೋದಾವರಮ್ಮನೋರು ಆಡಿದ್ದು ಇನ್ನೊಂದು ಇದೆಯಾ?" ಎಂದು ಕೇಳಿದರು. ಆಮೇಲೆ ದರ್ಜಿಯ ಹೆಂಡತಿ ಬಂದರು. ಆಮೇಲೆ ಬ್ಯಾಂಕಿನ ಕ್ಯಾಷಿಯರ್. ಪೋಸ್ಟ್ ಮಾಸ್ಟರ್ ಹೆಂಡತಿ ತಮಗಲ್ಲ, ಅಕ್ಕನ ಮಗಳಿಗೆ ಎಂದರು. ಅಂಬುಜ ಪ್ರಕಾಶನದ ಇತಿಹಾಸದಲ್ಲಿ ನಮ್ಮೂರಿನೊಳಗೆ ಅತಿ ಹೆಚ್ಚು ಮಾರಾಟವಾದದ್ದು ಆ ಕೆಂಪು ಚೀಟಿಯ ಕ್ಯಾಸೆಟ್ಟೇ. ಹೆಚ್ಚಿನವರು ಅದನ್ನು ಆಕಾಶ ಕಿತ್ತಳೆಯಾಗತೊಡಗುವವರೆಗೆ ಆಡಿ, ಎದೆ ಡವಡವ ಎನ್ನುತ್ತಿರುವಾಗಲೇ ಸ್ವಿಚ್ ಆರಿಸಿಬಿಡುತ್ತಿದ್ದರು. ಮತ್ತೆ ಮರುದಿನ ಕೂರುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಯಾರೋ ಒಬ್ಬರು ಆರಿಸುತ್ತಿರಲಿಲ್ಲ. ದರ್ಜಿಯ ಹೆಂಡತಿ ಹಾಗೆ ಹೋದರು, ಅವರ ಹಿಂದೆಯೇ ಹೋಗುತ್ತೇನೆಂದು, ಗೆಲ್ಲಲಾಗದ ನಲ್ಲಿಯ ಆಟದಲ್ಲೇ ಪ್ರಯತ್ನಿಸಿ ಪ್ರಯತ್ನಿಸಿ ಸೋತು ದರ್ಜಿ ಇಲ್ಲೇ ಉಳಿದ. ಮಾರುವುದನ್ನು ನಿಲ್ಲಿಸಿ ಎಂದು ಪಂಚಾಕ್ಷರಯ್ಯನವರು ಕೈಮುಗಿದು ಕೇಳಿದಾಗ, "ನಾನು ಮಾರೋದು ಕ್ಯಾಸೆಟ್ ಸ್ವಾಮಿ, ಬಸ್ ಟಿಕೆಟ್ ಅಲ್ಲ" ಎಂದರು ಅತ್ತಿಗೆ. ಹೊದಿಸಿದ್ದ ಶಾಲನ್ನು ಅಧ್ಯಕ್ಷರು ವಾಪಸು ಕೇಳಲಿಲ್ಲ, ಅಷ್ಟೇ ಸಮಾಧಾನ.

ದಸರಾ ರಜೆಯಲ್ಲಿ ನಾನೂ ಅತ್ತಿಗೆಯೂ ಹೊಸ ಕ್ಯಾಸೆಟ್ಟುಗಳ ಪೆಟ್ಟಿಗೆ ಹಿಡಿದು ನಗರಕ್ಕೆ ಹೋದೆವು. ಅಣ್ಣ ಬರಲಿಲ್ಲ, ಆದರೆ ಅಮ್ಮನಿಗೆಂದು ಒಂದು ಟ್ರಾನ್ಸಿಸ್ಟರ್ ಸರಿಮಾಡಿ ಕೊಟ್ಟಿದ್ದ. ಮೆನೇಜಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅಮ್ಮನ ವಾಸ. ಹಗಲು ಕೆಳಗೆ ಅಂಗಡಿಯ ಗಾಜಿನ ಹಿಂದೆ ಕುಳಿತು, ಗಿರಾಕಿಗಳಿಗೆ ಆಟ ತೋರಿಸುವ ಕೆಲಸ. ಜನ ಬೀದಿಯಲ್ಲಿ ನಿಂತು ನೋಡುತ್ತಿದ್ದರು. ಅಮ್ಮ ತೆಳ್ಳಗಾಗಿದ್ದಳು, ಸೀರೆ ಇಸ್ತ್ರಿಯಾಗಿತ್ತು. ನಮ್ಮನ್ನು ನೋಡಿ ಎದ್ದು ಬರಲಿಲ್ಲ. ಕೈ ಸನ್ನೆಯಿಂದಲೇ ಕೂರಿಸಿ, ಆ ಆಟ ಮುಗಿಸಿದ ಮೇಲೆ ತಿರುಗಿ ನನ್ನ ಕೆನ್ನೆ ಹಿಡಿದಳು. ಅತ್ತಿಗೆ ಹಪ್ಪಳದ ಕಟ್ಟು ಕೊಟ್ಟರೆ ಒಂದನ್ನು ಬೆಳಕಿಗೆ ಹಿಡಿದು, "ಖಾರ ಕಡಿಮೆ ಮಾಡಿದೀಯ" ಎಂದಳು.

"ಬೇಜಾರಾಗುತ್ತಾ ಅತ್ತೆ ಇಲ್ಲಿ?" ಎಂದು ಅತ್ತಿಗೆ ಕೇಳಿದರು.

"ಬೇಜಾರಿಗೆ ಪುರುಸೊತ್ತೆಲ್ಲಿ? ಇವತ್ತು ಪಂದ್ಯ ಇಟ್ಟಿದಾರೆ. ನಾನೇ ತೀರ್ಪು ಕೊಡೋದು. ಕೂತ್ಕೊಂಡು ನೋಡಿ."

ಪಂದ್ಯ ನಡೆಯಿತು. ನಾನೂ ಅತ್ತಿಗೆಯೂ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಅಷ್ಟು ಜನರ ಮುಂದೆ ಅಷ್ಟು ರಾಜಾರೋಷವಾಗಿ ಗೆಲ್ಲಲು ಹೊರಟವರನ್ನು ನಾವು ಕಂಡಿರಲಿಲ್ಲ. ಕೊನೆಗೆ ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡುವ ನಡುವಯಸ್ಸಿನ ಹೆಂಗಸೊಬ್ಬಳು ಎರಡು ಹಪ್ಪಳ ಉಳಿಸಿ ಗೆದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೆನೇಜಸ್ ಒಂದು ಕಪ್ ಕೊಟ್ಟು ಫೋಟೋ ತೆಗೆಸಿದರು. ಅತ್ತಿಗೆ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳು ಬಂದು ಅಮ್ಮನ ಕಾಲಿಗೆ ನಮಸ್ಕಾರ ಮಾಡಿದಳು.

ಅಮ್ಮ ಅವಳ ತಲೆ ಮುಟ್ಟಿ, "ಯಾವ ಬಸ್ಸಿಗೆ ಹೊರಡ್ತೀಯಮ್ಮ?" ಎಂದಳು.

"ಇಲ್ಲೇ ಮಾರ್ಕೆಟ್ ಬಸ್ಸಿಗೆ ಅಮ್ಮ. ಎರಡು ಸ್ಟಾಪು. ಮನೆಗೆ ಹೋಗಿ ಅಡುಗೆ ಮಾಡಬೇಕು" ಎಂದು ಅವಳು ಕಪ್ಪನ್ನು ತರಕಾರಿ ಚೀಲದೊಳಗೆ ಇಳಿಸಿ, ನಗುತ್ತ ಮೆಟ್ಟಿಲಿಳಿದು ಹೋದಳು.

ಅಮ್ಮ ಗಾಜಿನ ಮೂಲಕ ಅವಳು ಬೀದಿ ದಾಟುವವರೆಗೂ ನೋಡಿದಳು. ಆಮೇಲೆ ನಮ್ಮ ಕಡೆ ತಿರುಗಿ, ಯಾರಿಗೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದಳು.

"ಇಲ್ಲಿ ಗೆದ್ದ ಮೇಲೂ ಅದೇ ಮನೆಗೇ ಹೋಗ್ತಾರೆ ಕಣ್ರೇ. ಪಾಪ."